ಡಬ್ಬಿಯಲ್ಲಿದ್ದದ್ದು ಒಂದೇ

ಪವಾಡಗಳ ವಿಷಯದಲ್ಲಿ ನಾನು ಮೊದಲಿನಿಂದಲೂ ಸ್ವಲ್ಪ ಜಿಪುಣಿ. ಮೇಣದಬತ್ತಿ ತಾನಾಗಿಯೇ ಹತ್ತಿಕೊಂಡಿತು, ಮಾತೆಯ ಪ್ರತಿಮೆಯ ಕಣ್ಣಲ್ಲಿ ನೀರು ಬಂತು ಎಂದು ಯಾರಾದರೂ ಹೇಳಿದರೆ, ಬಾಯಲ್ಲಿ 'ಹೌದಾ' ಎನ್ನುತ್ತ ಮನಸ್ಸಿನಲ್ಲಿ ಮಾಳಿಗೆ ಎಲ್ಲಿ ಸೋರುತ್ತಿರಬಹುದು ಎಂದು ಹುಡುಕುವವಳು. ದೈವಶಾಸ್ತ್ರ ಓದಲು ಹೊರಟವಳು ಹೀಗೆ ಹೇಳಬಾರದು, ಗೊತ್ತು. ಆದರೆ ನಿಮ್ಮ ಮುಂದೆ ಸುಳ್ಳು ಹೇಳಿ ನನಗೆ ಆಗಬೇಕಾದ್ದೇನೂ ಇಲ್ಲ. ದೇವರಲ್ಲಿ ನಂಬಿಕೆ ಇತ್ತು, ರವಿವಾರದ ಪೂಜೆ ತಪ್ಪಿಸಿದವಳಲ್ಲ. ಪವಾಡಗಳು ಮಾತ್ರ ಬಹಳ ಹಿಂದೆ, ಬಹಳ ದೂರದಲ್ಲಿ, ಬೇರೆಯವರಿಗೆ ಆಗಿದ್ದರೆ ಸಾಕು ಎನ್ನಿಸುತ್ತಿತ್ತು. ನಮ್ಮ ಗದಗ ಜಿಲ್ಲೆಯಲ್ಲಿ, ನನ್ನ ಕೈಯಲ್ಲೇ ಅಂಥದ್ದೊಂದು ನಡೆಯುತ್ತದೆ ಎಂದಿದ್ದರೆ ನಕ್ಕುಬಿಡುತ್ತಿದ್ದೆ.

ಬೆಟಗೇರಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ. ಐವತ್ತು ಸಮೀಪಿಸುತ್ತಿದ್ದಾಗ ಬೆಂಗಳೂರಿನ ಒಂದು ಕಥೋಲಿಕ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರ ಮತ್ತು ಸೇವಾಕಾರ್ಯದ ಕೋರ್ಸಿಗೆ ಹೆಸರು ಹಚ್ಚಿದೆ. ವಾರಕ್ಕೊಮ್ಮೆ ಸಂಜೆ ಕಂಪ್ಯೂಟರಿನಲ್ಲಿ ಪಾಠ, ಬೇಸಿಗೆ ರಜೆಯಲ್ಲಿ ಅಲ್ಲಿಗೇ ಹೋಗಿ ಕೂರಬೇಕು. ಬೆಟಗೇರಿಯಲ್ಲೇ ಮೋಟರ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಯಜಮಾನರು ಸುದ್ದಿ ಕೇಳಿ, "ಏನ, ಈ ವಯಸ್ಸಿನ್ಯಾಗ ಪೋಪ್ ಆಗಾಕ ಹೊಂಟೀಯೇನ?" ಎಂದರು. ಬೆಂಗಳೂರಿನ ತರಗತಿಯಲ್ಲಿ ಎಳೆಯ ವಯಸ್ಸಿನ ಸಿಸ್ಟರುಗಳ ನಡುವೆ ಕನ್ನಡಕ ಏರಿಸಿ ಕೂತಿದ್ದ ನನ್ನನ್ನು ಮೊದಲ ದಿನ ಎಲ್ಲರೂ ಅಡುಗೆ ಮನೆಯ ಮೇಲ್ವಿಚಾರಕಿ ಎಂದುಕೊಂಡಿದ್ದರು. ಪರೀಕ್ಷೆಯ ಹಿಂದಿನ ದಿನವೆಲ್ಲ ನನಗೊಂದೇ ಚಿಂತೆ: ತ್ರಿತ್ವದ ಮೇಲೆ ಪ್ರಶ್ನೆ ಬಂದು, ಗಾಬರಿಯಲ್ಲಿ ಮೂವರಲ್ಲಿ ಒಬ್ಬರನ್ನು ಮರೆತುಬಿಟ್ಟರೆ?

ಈ ಚಿಂತೆಯ ಸ್ವಭಾವವನ್ನು ಸ್ವಲ್ಪ ವಿವರಿಸಬೇಕು, ಮುಂದಿನದಕ್ಕೆ ಅದು ಬೇಕಾಗುತ್ತದೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ವಾಪಸು ಬಂದು ನೋಡುವ ಜಾತಿ ನನ್ನದು. ಬೀಗ ಹಾಕಿ ಜಗ್ಗುತ್ತೇನೆ. ನಾಲ್ಕು ಹೆಜ್ಜೆ ಹೋಗಿ ಬಂದು ಮತ್ತೆ ಜಗ್ಗುತ್ತೇನೆ. ಆ ಬೀಗ ಕೆಟ್ಟದ್ದು ಕಳ್ಳರಿಂದಲ್ಲ, ನನ್ನ ಜಗ್ಗಾಟದಿಂದ.

ಕೋರ್ಸಿನಲ್ಲಿ ಪುಸ್ತಕದ ಪಾಠದ ಜೊತೆಗೆ ಕೈಯಿಂದ ಮಾಡುವ ಸೇವೆಯೂ ಇತ್ತು. ನನ್ನ ಪಾಲಿಗೆ ಬಂದದ್ದು, ಚರ್ಚಿಗೆ ಬರಲಾಗದ ಕಾಯಿಲೆಯವರಿಗೆ ಪರಮಪ್ರಸಾದ ಒಯ್ದು ಕೊಡುವುದು. ಪೂಜೆಯಲ್ಲಿ ಮಂತ್ರಿಸಿದ, ಗೋಧಿ ಹಿಟ್ಟಿನ ತೆಳುವಾದ ಬಿಳಿ ಬಿಲ್ಲೆ ಅದು. ನಮಗೆ ಅದು ಬರೀ ಬಿಲ್ಲೆಯಲ್ಲ, ಸ್ವಾಮಿಯೇ. ಅದನ್ನು ಕುಂಕುಮದ ಭರಣಿಯಷ್ಟು ಸಣ್ಣ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿಟ್ಟು, ಕೊರಳಿಗೆ ಹಾಕಿಕೊಂಡು ಎದೆಗೆ ತಗುಲಿಸಿಕೊಂಡೇ ಹೋಗಬೇಕು. ದಾರಿಯಲ್ಲಿ ಹರಟೆ ಹೊಡೆಯಬಾರದು ಎಂದು ನಮ್ಮ ಪ್ರಾಧ್ಯಾಪಕರು ಹೇಳಿಕೊಟ್ಟಿದ್ದರು. ಹರಟೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ಚಿಂತೆ ಹತ್ತಿ, ಮನೆ ಮುಟ್ಟುವ ತನಕ ಬಾಯಿ ತೆರೆಯಲೇಬಾರದು ಎಂದು ನಾನೇ ತೀರ್ಮಾನಿಸಿಬಿಟ್ಟೆ.

ಒಂದೆರಡು ವರ್ಷದ ಹಿಂದಿನ ಮಾತು. ದಸರಾ ರಜೆ. ನಮ್ಮ ಫಾದರ್ ಮುಂಡರಗಿ ಕಡೆ ತೀರಿಕೊಂಡವರೊಬ್ಬರ ಮಣ್ಣಿಗೆ ಹೋಗಬೇಕಿತ್ತು. ಅದೇ ಹೊತ್ತಿಗೆ ಶಿಗ್ಲಿಯಿಂದ ಖಬರು ಬಂತು: ಇನ್ನಾಸಪ್ಪನವರಿಗೆ ಬಹಳ ಜಡ್ಡಾಗಿದೆ, ಪ್ರಸಾದ ಕೇಳುತ್ತಿದ್ದಾರೆ. ಅವರು ಎಂಬತ್ತು ದಾಟಿದ ನೇಕಾರರು. ಹೋದ ವಾರವಷ್ಟೇ ಫಾದರ್ ಹೋಗಿ ಪಾಪನಿವೇದನೆ ಕೇಳಿ ಬಂದಿದ್ದರು. ಹೊರಡುವ ಮುನ್ನ ಅವರು ಪೀಠದ ಹಿಂದಿನ ಪ್ರಸಾದದ ಪೆಟ್ಟಿಗೆ ತೆಗೆದು, "ಇದೊಂದೇ ಉಳಿದಿರುವುದು ಟೀಚರ್, ಜೋಪಾನ" ಎಂದರು. ಹಿಂದಿನ ದಿನದ ಪೂಜೆಗೆ ಎಣಿಸಿದ್ದಕ್ಕಿಂತ ಹೆಚ್ಚು ಜನ ಬಂದು, ಕೊನೆಯ ಸಾಲಿನವರಿಗೆ ತುಣುಕು ಮಾಡಿ ಹಂಚಿದ್ದು ನನಗೂ ನೆನಪಿತ್ತು. ಹುಬ್ಬಳ್ಳಿಯ ಕಾನ್ವೆಂಟಿನಿಂದ ಹೊಸ ಬಿಲ್ಲೆಗಳು ಬರುವುದು ಮರುದಿನ. ಕಾಯಿಲೆಯವರಿಗೆಂದೇ ಎತ್ತಿಟ್ಟ ಈ ಒಂದನ್ನು ಅವರು ಡಬ್ಬಿಯಲ್ಲಿಟ್ಟರು. ಅವರು ಆಚೆ ಹೋದ ಮೇಲೆ ನಾನು ಮುಚ್ಚಳ ತೆಗೆದು ನೋಡಿದೆ. ಡಬ್ಬಿಯನ್ನು ಮೆಲ್ಲಗೆ ವಾಲಿಸಿದೆ. ಬಿಲ್ಲೆ ಒಂಟಿಯಾಗಿ ಅತ್ತ ಜಾರಿತು, ಇತ್ತ ಜಾರಿತು. ಒಂದೇ.

ಶಿರಹಟ್ಟಿ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸಿನಲ್ಲಿ ಕೂತೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಆ ಬಸ್ಸಿನಲ್ಲಿ ಬಾಯಿ ಮುಚ್ಚಿ ಕೂರುವುದು ಎಷ್ಟು ಕಷ್ಟವೆಂದು ನೀವೇ ಊಹಿಸಿ. ಪುಕ್ಕಟೆಯಾದರೂ ಟಿಕೆಟ್ ತೆಗೆದುಕೊಳ್ಳಬೇಕಲ್ಲ, ಅದಕ್ಕೆ ಊರಿನ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಕಂಡಕ್ಟರ್ ಚೀಟಿ ಓದಿ, ನನ್ನ ಮುಖ ನೋಡಿ, ಕಿವಿಯೂ ಕೇಳದವಳೆಂದು ತಿಳಿದು, "ಲಕ್ಷ್ಮೇಶ್ವರಾ?" ಎಂದು ಕಿವಿಯಲ್ಲೇ ಕೂಗಿದ.

ಪಕ್ಕದಲ್ಲಿ ಹಣೆತುಂಬ ವಿಭೂತಿ ಹಚ್ಚಿಕೊಂಡಿದ್ದ ಒಬ್ಬ ಅಜ್ಜಿ. "ಎಲ್ಲಿಗಿ ಹೊಂಟೀಯವಾ ತಂಗಿ? ತವರಮನಿಗೇನ?" ಎಂದು ಕೇಳಿದರು. ನಾನು ನಕ್ಕೆ. "ಮಗಳ ಮನಿಗೇನ?" ಮತ್ತೆ ನಕ್ಕೆ. ಅವರ ಕಣ್ಣು ನನ್ನ ಕೊರಳ ಚೀಲದ ಮೇಲೆ ನಿಂತಿತು. "ಕರಡಗಿ ಏನ?" ಎಂದರು. ಲಿಂಗವಂತರು ಇಷ್ಟಲಿಂಗವನ್ನಿಟ್ಟು ಕೊರಳಲ್ಲಿ ಧರಿಸುವ ಕರಡಿಗೆ. ಅವರ ಕೊರಳಲ್ಲೂ ಒಂದು ಬೆಳ್ಳಿಯದಿತ್ತು. ನಾನು ಒಂದು ಗಳಿಗೆ ಯೋಚಿಸಿ ತಲೆಯಾಡಿಸಿದೆ. ಪೂರಾ ಸುಳ್ಳಲ್ಲ ಎಂದು ಈಗಲೂ ನನ್ನ ವಾದ. ಅವರದರಲ್ಲೂ ದೇವರು, ನನ್ನದರಲ್ಲೂ ದೇವರು. ಅಜ್ಜಿಗೆ ಎಲ್ಲವೂ ಅರ್ಥವಾಯಿತು. "ಏ, ಸುಮ್ನ ಕುಂಡ್ರಿ ಎಲ್ಲಾರೂ! ಇಲ್ಲೊಬ್ಬಾಕಿ ಮೌನ ಹಿಡದಾಳ. ಡ್ರೈವರಪ್ಪಾ, ಆ ಹಾಡು ಬಂದ್ ಮಾಡೋ!" ಎಂದರು. ಹಾಡು ನಿಂತಿತು. ಶಿರಹಟ್ಟಿ ಬರುವ ತನಕ ಇಡೀ ಬಸ್ಸು ಪಿಸುಮಾತಿನಲ್ಲಿ ನಡೆಯಿತು. ನಾನು ಅವಮಾನಕ್ಕೋ ಭಕ್ತಿಗೋ ತಲೆ ತಗ್ಗಿಸಿ ಕೂತಿದ್ದೆ.

ಶಿರಹಟ್ಟಿಯಲ್ಲಿ ಇಳಿಯುವ ಮುನ್ನ ಅಜ್ಜಿ ನನ್ನ ಚೀಲವನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. "ಇಬ್ಬರಿಗೂ ಚಲೋ ಆಗ್ಲಿ" ಎಂದರು. ನನಗೂ ನನ್ನ ಗಂಡನಿಗೂ ಎಂದುಕೊಂಡೆ. ಮತ್ತಿನ್ಯಾರಿಗೆ?

ಲಕ್ಷ್ಮೇಶ್ವರದಿಂದ ಶಿಗ್ಲಿಗೆ ಟಂಟಂ ಆಟೋ. ಇನ್ನಾಸಪ್ಪನವರ ಮನೆ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು ಇಳಿಯತೊಡಗಿತ್ತು. ಅದು ಒಂದು ಕಾಲಕ್ಕೆ ಉದ್ದನೆಯ ಒಂದೇ ಮನೆ. ಈಗ ನಟ್ಟನಡುವೆ ಮಾಳಿಗೆ ಮುಟ್ಟುವ ಗೋಡೆ. ಈಚೆ ಅಣ್ಣ ಇನ್ನಾಸಪ್ಪ, ಆಚೆ ತಮ್ಮ ಚೌರಪ್ಪ. ಮನೆ ಪಾಲಾದಾಗ ಅಣ್ಣ ಎಬ್ಬಿಸಿದ ಗೋಡೆ ತನ್ನ ಕಡೆಗೆ ಒಂದು ಗೇಣು ಸರಿದಿದೆ ಎಂದು ತಮ್ಮನ ತಕರಾರು. ಆ ಗೇಣಿನ ಮೇಲೆ ಇಬ್ಬರ ನಡುವಯಸ್ಸೂ ಮುಪ್ಪೂ ಕಳೆದುಹೋಗಿದ್ದವು. ಲಕ್ಷ್ಮೇಶ್ವರದಲ್ಲಿ ತಿಂಗಳಿಗೊಮ್ಮೆ ಪೂಜೆ ಇದ್ದಾಗ ಇಬ್ಬರೂ ತಪ್ಪದೆ ಬರುತ್ತಿದ್ದರು. ಒಬ್ಬರು ಮೊದಲ ಸಾಲು, ಒಬ್ಬರು ಕೊನೆಯ ಸಾಲು. ಅಣ್ಣ ಪ್ರಸಾದ ತೆಗೆದುಕೊಂಡು ಬಂದು ಕೂರುವ ತನಕ ತಮ್ಮ ಎದ್ದು ನಿಲ್ಲುತ್ತಿರಲಿಲ್ಲ.

ಇನ್ನಾಸಪ್ಪ ಹಾಸಿಗೆಗೆ ಅಂಟಿದಂತಿದ್ದರು. ಸೊಸೆ ಮೇರಿ ಸಣ್ಣ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮೇಣದಬತ್ತಿ ಹಚ್ಚುತ್ತಿದ್ದಳು. ನಾನು ಶಿಲುಬೆಯ ಗುರುತು ಮಾಡಿ, ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ಟಂಟಂ ಕುಲುಕಾಟದಲ್ಲಿ ಚೂರಾಗಿದೆಯೋ ಏನೋ ಎಂಬ ದಿಗಿಲು. ಚೂರಾಗಿರಲಿಲ್ಲ. ಬಿಲ್ಲೆ ನಡುವೆ ಮಲಗಿತ್ತು. ಒಂದು.

ಆಗ ಇನ್ನಾಸಪ್ಪ ಕೈ ಅಡ್ಡ ಹಿಡಿದರು.

"ತಡೀರಿ ಅಕ್ಕೋರ. ನಾ ಒಬ್ಬನ ತಗೊಳ್ಳೂದಿಲ್ಲ. ಚೌರ್ಯಾ ಬರ್ಲಿ. ಅವನ ಜೊತಿ ತಗೋತೀನಿ."

ಮೇರಿ ಬತ್ತಿ ಹಿಡಿದುಕೊಂಡೇ ನಿಂತಳು. "ಮಾವಾ, ಅಕ್ಕೋರು ಗದಗದಿಂದ ಬಂದಾರ. ಕಾಕಾ ಬರೂದಿಲ್ಲ, ನಿಮಗ ಗೊತ್ತೈತಿ" ಎಂದಳು.

"ಬರ್ಲಿಲ್ಲಂದ್ರ ನನಗೂ ಬ್ಯಾಡ. ಹಂಗ ಹೊಕ್ಕೀನಿ" ಎಂದು ಗೋಡೆ ಕಡೆ ಮುಖ ತಿರುಗಿಸಿದರು. ಅದೇ ಗೋಡೆಯ ಕಡೆಗೆ.

ಡಾಕ್ಟರು ಕೈಬಿಟ್ಟ ಮನುಷ್ಯ. ತಾವಾಗಿಯೇ ಕೇಳಿ ಕರೆಸಿಕೊಂಡ ಪ್ರಸಾದವಿಲ್ಲದೆ ಹೋದರೆ? ಡಬ್ಬಿಯನ್ನು ಅಲ್ಲೇ ಬಿಟ್ಟುಹೋಗುವ ಧೈರ್ಯವಿಲ್ಲ. ಮುಚ್ಚಿ, ಚೀಲಕ್ಕಿಳಿಸಿ, ಕೊರಳಿಗೆ ಹಾಕಿಕೊಂಡು ಹೊರಬಿದ್ದೆ. ಗೋಡೆಯಲ್ಲಿ ಬಾಗಿಲಿಲ್ಲ, ಆದ್ದರಿಂದ ಈ ಮನೆಯಿಂದ ಆ ಮನೆಗೆ ಹೋಗಲು ಓಣಿಯನ್ನು ಪೂರ್ತಿ ಸುತ್ತಬೇಕು. ಚೌರಪ್ಪ ಹಿತ್ತಿಲ ಬಾಗಿಲಲ್ಲಿ ಚುರಮುರಿ ತಿನ್ನುತ್ತ ಕೂತಿದ್ದರು. ನಾನು ಮೌನ ಮುರಿದೆ. ಮೂರು ತಾಸು ಕಟ್ಟಿ ಹಾಕಿದ್ದ ಬಾಯಿ, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಿತು.

ಅವರು ಚುರಮುರಿಯ ತಟ್ಟೆ ಕೆಳಗಿಟ್ಟರು. "ಅವ್ನ ಕರದಾನೋ, ನೀವ ಹೇಳಾಕತ್ತೀರೋ?" ಎಂದರು.

"ಅವರೇ ಕರೆದಿದ್ದಾರೆ. ಚೌರ್ಯಾ ಬರಲಿ ಅಂದರು."

"ಚೌರ್ಯಾ ಅಂದ್ನಾ?" ಎಂದು ಎದ್ದರು. ಮೀಸೆಯಲ್ಲಿ ಚುರಮುರಿಯ ಕಾಳು ಹಾಗೇ ಇತ್ತು. ಪ್ರಸಾದಕ್ಕೆ ಮುಂಚೆ ಒಂದು ತಾಸು ಏನೂ ತಿನ್ನಬಾರದೆಂಬ ನಿಯಮ ನೆನಪಾಗಿ ನನಗೆ ಹೊಸ ಚಿಂತೆ ಹತ್ತಿತು. ರೋಗಿಯ ಜೊತೆಗಿರುವವರಿಗೆ ಅದರಲ್ಲಿ ಸಡಿಲಿಕೆ ಇದೆ ಎಂದು ಓಣಿಯ ತಿರುವಿನಲ್ಲಿ ನೆನಪಾಯಿತು. ನನ್ನ ವಿದ್ಯೆ ಕೆಲಸಕ್ಕೆ ಬಂದ ಮೊದಲ ಸಂದರ್ಭ ಅದು.

ಚೌರಪ್ಪ ಒಳಗೆ ಬಂದು ಅಣ್ಣನನ್ನು ನೋಡಲಿಲ್ಲ, ಗೋಡೆಯನ್ನು ನೋಡಿದರು. ಈ ಕಡೆಯಿಂದ ಅದನ್ನು ನೋಡಿದ್ದು ಬಹುಶಃ ಅದೇ ಮೊದಲು. "ಸುಣ್ಣ ಹಚ್ಚಿಸೀರಿ" ಎಂದರು.

"ಹಚ್ಚಿಸೇನಿ. ಕುಂಡರ್ಲೇ" ಎಂದರು ಇನ್ನಾಸಪ್ಪ.

ಇಷ್ಟು ಆದದ್ದೇ ದೊಡ್ಡದು ಎಂದುಕೊಂಡು ನಾನು ಪ್ರಾರ್ಥನೆಗೆ ನಿಂತೆ. ಆಗ ನನ್ನ ಬಾಯಿ ಸುಮ್ಮನಿರಬೇಕಲ್ಲ? ಚಿಂತೆಯ ಚಟದ ಬಾಯಿ. "ನನ್ನ ಹತ್ತಿರ ಇರುವುದು ಒಂದೇ ಪ್ರಸಾದ. ಪರವಾಗಿಲ್ಲ, ಮುರಿದು ಇಬ್ಬರಿಗೂ ಕೊಡುತ್ತೇನೆ" ಎಂದೆ.

ಬಾಗಿಲ ಹತ್ತಿರ ಕೂತಿದ್ದ ತಮ್ಮ ತಲೆಯೆತ್ತಿದರು.

"ಮುರದು?" ಎಂದರು ಚೌರಪ್ಪ. "ದೊಡ್ಡ ಪಾಲು ಯಾರಿಗ್ರಿ?"

ಇನ್ನಾಸಪ್ಪ ಹಾಸಿಗೆಯಿಂದಲೇ, "ಸಣ್ಣದು ನನಗ ಕೊಡ್ರಿ ಅಕ್ಕೋರ" ಎಂದರು.

"ನೋಡ್ರಿ, ಈಗ ಸಣ್ಣದು ಕೇಳ್ತಾನ! ಗ್ವಾಡಿ ಎಬ್ಬಸೂ ಮುಂದ ಈ ಮಾತು ಎಲ್ಲಿ ಹೋಗಿತ್ತಪಾ?"

ನಾನು ಅವಸರದಿಂದ ನಡುವೆ ಬಾಯಿ ಹಾಕಿದೆ. ಎಷ್ಟು ಸಣ್ಣ ತುಣುಕಾದರೂ ಅದರಲ್ಲಿ ಸ್ವಾಮಿ ಪೂರ್ತಿಯಾಗಿಯೇ ಇರುತ್ತಾನೆ, ಇದರಲ್ಲಿ ದೊಡ್ಡದು ಚಿಕ್ಕದು ಎಂಬುದಿಲ್ಲ ಎಂದು, ಪರೀಕ್ಷೆಯಲ್ಲಿ ಪೂರ್ತಿ ಅಂಕ ತಂದುಕೊಟ್ಟಿದ್ದ ಉತ್ತರವನ್ನೇ ಒಪ್ಪಿಸಿದೆ. ಚೌರಪ್ಪ ತಾಳ್ಮೆಯಿಂದ ಕೇಳಿದರು.

"ನಮ್ಮಪ್ಪನೂ ಹಂಗ ಹೇಳಿ ಸತ್ತ್ರಿ. ಎರಡು ಪಾಲು ಮಾಡಿದ್ರೂ ಮನಿ ಒಂದ ಅಂತ. ಆಮ್ಯಾಲ ಗ್ವಾಡಿ ಬಂತು." ಅವರು ಎದ್ದು ನಿಂತರು. ಸಿಟ್ಟಿನಿಂದಲ್ಲ, ಸೋತವರಂತೆ. "ಮುರಿಯೂದು ಬ್ಯಾಡ್ರಿ ಅಕ್ಕೋರ. ನಮ್ಮಿಬ್ಬರ ನಡುವ ಇನ್ನೊಮ್ಮಿ ಪಾಲು ಬ್ಯಾಡ. ಅಣ್ಣಗ ಕೊಡ್ರಿ. ನಾ ಬರ್ತೀನಿ."

"ಹಂಗಾದ್ರ ನನಗೂ ಬ್ಯಾಡ" ಎಂದು ಇನ್ನಾಸಪ್ಪ ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತಿತ್ತು.

ಚೌರಪ್ಪ ಹೊಸ್ತಿಲ ಹತ್ತಿರ ಹೋಗಿದ್ದರು. ಏನು ಮಾಡಬೇಕೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಏನಾದರೂ ಮಾಡಬೇಕು ಎಂಬುದಕ್ಕಷ್ಟೇ, ಡಬ್ಬಿ ಹೊರತೆಗೆದು ಮುಚ್ಚಳ ತೆರೆದೆ.

ಎರಡಿದ್ದವು.

ಒಂದರ ಅಂಚು ಇನ್ನೊಂದರ ಮೇಲೆ ಹಾಯ್ದು ಮಲಗಿದ್ದವು. ಎರಡೂ ಇಡಿಯಾದವು. ಒಂದೇ ಅಳತೆ. ನಾನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ. ಎರಡೇ. ಮೈ ಜುಮ್ಮೆಂದಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಹಾಗೇನೂ ಆಗಲಿಲ್ಲ. ಶಾಲೆಯಲ್ಲಿ ಎಣಿಕೆ ತಪ್ಪಿದಾಗ ಆಗುವಂಥ ಸಣ್ಣ ಗಾಬರಿ, ಅಷ್ಟೇ. ಬೇರೆ ಯಾವ ಶಬ್ದವೂ ಇಲ್ಲ, ಬೆಳಕೂ ಇಲ್ಲ. ಮೇಣದಬತ್ತಿ ಚಿಟಪಟ ಎನ್ನುತ್ತಿತ್ತು. "ಚೌರಪ್ಪನವರೇ, ಬರ್ರಿ. ಎರಡದಾವು" ಎಂದೆ. ನನ್ನ ದನಿ ನನಗೇ ಬೇರೆಯವರದೆನ್ನಿಸಿತು.

ಅವರು ಬಂದು ಬಗ್ಗಿ ನೋಡಿದರು. ಅಣ್ಣನ ಮುಖ ನೋಡಿದರು. ನೆಲದ ಮೇಲೆ ಹಾಸಿಗೆಗೆ ತಾಗಿ ಕೂತರು. ನಾನು ಮೊದಲು ಅಣ್ಣನಿಗೆ, ಆಮೇಲೆ ತಮ್ಮನಿಗೆ ಕೊಟ್ಟೆ. ಇಬ್ಬರೂ ಒಟ್ಟಿಗೆ ಆಮೆನ್ ಅಂದಂತೆಯೇ ಕೇಳಿಸಿತು. ಇನ್ನಾಸಪ್ಪ ತಮ್ಮನ ಹೆಗಲು ಹುಡುಕಿ ಕೈಯಿಟ್ಟು, "ಗೇಣು ಖರೇನ ಸರದಿತ್ತಲೇ" ಎಂದರು. ಚೌರಪ್ಪ, "ಇರ್ಲಿ ಬಿಡು, ಜಡ್ಡಿನ್ಯಾಗ ಮಾತಾಡಬ್ಯಾಡ" ಎಂದರು. ಮೇರಿ ಅಳುತ್ತ ಚಹಾಕ್ಕಿಡಲು ಒಳಗೆ ಹೋದಳು.

ಆ ರಾತ್ರಿಯೇ ಫಾದರಿಗೆ ಫೋನ್ ಮಾಡಿದೆ. ಅವರು, "ಒಂದೇ ಇದ್ದದ್ದು ಟೀಚರ್, ನಾನೇ ಇಟ್ಟೆನಲ್ಲ" ಎಂದರು. ನಾನು ನಡೆದದ್ದು ಹೇಳಿದೆ. ಅವರು, "ಇಬ್ಬರೂ ಮಾತಾಡಿದರಾ?" ಎಂದು ಕೇಳಿದರು. ಮಾತಾಡಿದರು ಎಂದೆ. "ಹಾಗಾದರೆ ಮಲಗಿ" ಎಂದು ಫೋನ್ ಇಟ್ಟರು. ನಾನು ಮಲಗಲಿಲ್ಲ.

ಎರಡು ಬಿಲ್ಲೆಗಳು ಅಂಟಿಕೊಂಡಿದ್ದವು ಎಂಬುದೇ ಎಲ್ಲಕ್ಕಿಂತ ಸಲೀಸಾದ ವಿವರಣೆ. ತೆಳುವಾದ ವಸ್ತು, ಅಂಟುತ್ತವೆ. ದಾರಿಯಲ್ಲಿ ಬಿಡಿಸಿಕೊಂಡಿರಬೇಕು. ಶಿಗ್ಲಿ ರಸ್ತೆಯ ಟಂಟಂ ಕುಲುಕಾಟಕ್ಕೆ ಗಂಡಹೆಂಡಿರೇ ಬೇರೆಯಾಗುತ್ತಾರೆ. ಆದರೆ ಟಂಟಂ ಇಳಿದ ಮೇಲೂ ನಾನು ನೋಡಿದ್ದೆನಲ್ಲ? ಅಲ್ಲಿಂದ ಮುಂದೆ ಡಬ್ಬಿ ನನ್ನ ಎದೆ ಬಿಟ್ಟು ಕದಲಿಲ್ಲ. ಓಣಿಯನ್ನು ನಡೆದೇ ಸುತ್ತಿದ್ದೆ. ಹಾಗಾದರೆ ಕಣ್ಣು? ಗದಗದಲ್ಲಿ ಕಣ್ಣಿನ ಡಾಕ್ಟರಿಗೂ ತೋರಿಸಿಕೊಂಡು ಬಂದೆ. ಪೊರೆ ಇಲ್ಲ, ಒಂದು ಎರಡಾಗಿ ಕಾಣುವಂಥದ್ದೇನೂ ಇಲ್ಲ ಎಂದರು. ತಮಾಷೆ ಏನೆಂದರೆ, ಊರಿಗೆಲ್ಲ ಗೊತ್ತಿರುವ ನನ್ನ ಚಿಂತೆಯ ಸ್ವಭಾವವೇ ಇಲ್ಲಿ ನನ್ನ ಸಾಕ್ಷಿ: ಮತ್ತೆ ಮತ್ತೆ ನೋಡುವವಳು ನಾನು, ತಪ್ಪುವುದು ಹೇಗೆ? ಅದೇ ಸ್ವಭಾವ ವಿರೋಧಿ ವಕೀಲನೂ ಹೌದು: ಹಾಕಿದ ಬೀಗವನ್ನೇ ನಂಬದವಳ ಮಾತನ್ನು ಯಾರು ನಂಬಬೇಕು?

ಬೇಸಿಗೆಯಲ್ಲಿ ಬೆಂಗಳೂರಿಗೆ ಹೋದಾಗ ಪ್ರಾಧ್ಯಾಪಕರಿಗೂ ಹೇಳಿದೆ. "ಅಂಟಿಕೊಂಡಿರಬಹುದೇ?" ಎಂದರು. ಇರಬಹುದು ಎಂದೆ. "ಅಂಟಿಕೊಂಡಿರಲಿಲ್ಲ ಅಂತಲೂ ಇರಬಹುದೇ?" ಅದೂ ಇರಬಹುದು ಎಂದೆ. "ಸರಿ, ನಿಮಗೆ ದೈವಶಾಸ್ತ್ರ ಬರತೊಡಗಿದೆ" ಎಂದು ನಕ್ಕು ಮುಂದಿನವರನ್ನು ಕರೆದರು. ಎಲ್ಲಕ್ಕಿಂತ ನನ್ನನ್ನು ಕಾಡುವುದು ಬೇರೆ. ಮುರಿದು ಕೊಟ್ಟಿದ್ದರೆ ಶಾಸ್ತ್ರಪ್ರಕಾರ ಸಾಕಾಗುತ್ತಿತ್ತು. ಎರಡನೆಯದರ ಅಗತ್ಯ ಶಾಸ್ತ್ರಕ್ಕಿರಲಿಲ್ಲ, ಆ ಇಬ್ಬರು ಮುದುಕರಿಗೆ ಮಾತ್ರ ಇತ್ತು. ಶಿರಹಟ್ಟಿಯ ಅಜ್ಜಿ 'ಇಬ್ಬರಿಗೂ' ಎಂದದ್ದೂ ನೆನಪಾಗುತ್ತದೆ. ಆಗ ಏಳುತ್ತೇನೆ, ಗ್ಯಾಸ್ ನೋಡಿ ಬರುತ್ತೇನೆ.

ಇನ್ನಾಸಪ್ಪನವರು ಕ್ರಿಸ್‌ಮಸ್ ಮುಗಿಸಿಕೊಂಡೇ ಹೋದರು, ತಮ್ಮನ ಕೈಯಿಂದ ನೀರು ಕುಡಿದು. ಅದಕ್ಕೂ ಮುಂಚೆ, ಹಬ್ಬದ ಮರುದಿನ, ಕರ್ಜಿಕಾಯಿ ಡಬ್ಬಿ ಹಿಡಿದು ನಾನು ಶಿಗ್ಲಿಗೆ ಹೋಗಿದ್ದೆ. ಗೋಡೆ ಹಾಗೇ ಇತ್ತು. ಆದರೆ ಹಾಸಿಗೆಯ ನೇರಕ್ಕೆ ಎರಡು ಇಟ್ಟಿಗೆ ಕಿತ್ತು ಒಂದು ಕಿಂಡಿ ಮಾಡಿದ್ದರು, ಚಹಾದ ಗ್ಲಾಸು ದಾಟುವಷ್ಟು. ಆ ಕಿಂಡಿಯಿಂದ ಮೊದಲು ಗ್ಲಾಸು ಬಂತು, ಆಮೇಲೆ ಚೌರಪ್ಪನವರ ಮೀಸೆ.

"ಅಕ್ಕೋರ, ಅವತ್ತ ನೀವು ಭಾರಿ ಆಟ ಆಡಿದ್ರಿ ನೋಡ್ರಿ. ಡಬ್ಬ್ಯಾಗ ಎರಡು ತಂದು, ಒಂದ ಐತಿ ಅಂದ್ರಿ. ನಮ್ಮ ಹಟ ಎಲ್ಲೀತನ ಹೊಕ್ಕೈತಿ ನೋಡೂಣಂತ, ಹೌದಿಲ್ರಿ?"

ನಾನು ಉತ್ತರಿಸುವ ಮೊದಲೇ ಹಾಸಿಗೆಯಿಂದ ಇನ್ನಾಸಪ್ಪ, "ಸಾಲಿ ಅಕ್ಕೋರು ಅವ್ರು. ಹುಡುಗ್ರಿಗೆ ಉತ್ತರ ಮೊದಲ ಹೇಳ್ತಾರೇನಲೇ?" ಎಂದು ಕೆಮ್ಮುತ್ತ ನಕ್ಕರು. ಗೋಡೆಯ ಎರಡೂ ಕಡೆ ನಗು. ಅವರಿಬ್ಬರಿಗೆ ಆ ದಿನ ವಿಚಿತ್ರವೆನ್ನಿಸುವಂಥದ್ದು ಏನೂ ನಡೆದೇ ಇರಲಿಲ್ಲ. ಇಬ್ಬರಿದ್ದಲ್ಲಿಗೆ ಎರಡು ತಂದಿದ್ದರು ಅಕ್ಕೋರು, ಅಷ್ಟೇ.

ಒಂದೇ ಇತ್ತು ಎಂದು ಹೇಳಲು ಬಾಯಿ ತೆರೆದೆ. ಆದರೆ ಎರಡು ಹೇಗಾದವೆಂಬ ಉತ್ತರ ನನಗೇ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಕಿಂಡಿಯಿಂದ ಬಂದ ಚಹಾ ಆರುತ್ತಿತ್ತು. ತೆಗೆದುಕೊಂಡು ಕುಡಿದೆ.